ಮಾರ್ಟಿನ್ ಅಂಕಲ್ ಸರದಿ

ಯಸಳೂರಿನಲ್ಲಿ ರವಿಕೆ ಹೊಲಿಯುವ ಕ್ರಿಸ್ಟೀನ್ ಆಂಟಿ ಡಬಲ್ ಬಾಸ್ ನುಡಿಸುತ್ತಾರೆಂದರೆ ಹೊಸಬರು ನಗುತ್ತಾರೆ. ನಗಲಿ. ಆಳೆತ್ತರದ ಆ ತಂತಿವಾದ್ಯವನ್ನು ತಬ್ಬಿ ನಿಂತು ಅವರು ಬೆರಳಾಡಿಸಿದರೆ ಕಾಫಿ ಮೂಟೆ ಇಡುವ ಸ್ಟೋರಿನ ನೆಲವೇ ಗುಂಯ್‌ಗುಡುತ್ತಿತ್ತು.

ಭಾನುವಾರ ಚರ್ಚ್ ಮುಗಿಸಿ ಅಲ್ಲಿ ಸೇರುತ್ತಿದ್ದೆವು. ಆಂಟಿಯ ಬಾಸ್, ಅವರ ಗಂಡ ಮಾರ್ಟಿನ್ ಅಂಕಲ್ ಊದುವ ಕ್ಲಾರಿನೆಟ್, ಧರ್ಮನ ತಮಟೆ, ನನ್ನ ಗಿಟಾರ್. ಮೈಕಿಲ್ಲ, ಕರೆಂಟಿಲ್ಲ, ಹಾಡುವವರೂ ಇಲ್ಲ. ಕೊಂಕಣಿ ಮದುವೆಯ ಮಟ್ಟುಗಳಿಗೆ ತಮಟೆ ಪೆಟ್ಟು ಸೇರಿಸಿ ಜಾಝ್ ಮಾಡುತ್ತಿದ್ದೆವು. ಜಾಝ್‌ನಲ್ಲಿ ಒಬ್ಬೊಬ್ಬರಿಗೂ ಸರದಿ ಬರುತ್ತದೆ. ಮನಸ್ಸಿಗೆ ಬಂದದ್ದನ್ನು ನುಡಿಸಬಹುದು, ಉಳಿದವರು ಕಾಯಬೇಕು.

ಹೋದ ವರ್ಷ ಅಂಕಲ್ ತೀರಿಕೊಂಡರು. ಅವರ ಸರದಿಯನ್ನು ಖಾಲಿ ಬಿಡೋಣ ಎಂದರು ಆಂಟಿ. ಗೌರವಕ್ಕೆಂದು ಒಪ್ಪಿದೆವು. ಆಗ ಬಾಸ್ ಮಾತ್ರ ನಡೆಯುತ್ತಿತ್ತು. ಆಂಟಿ ತಲೆಯಾಡಿಸಿದ ಮೇಲೆ ಧರ್ಮ ಶುರು ಮಾಡಬೇಕು. ವಾರದಿಂದ ವಾರಕ್ಕೆ ಆ ತಲೆಯಾಡಿಸುವುದು ತಡವಾಗತೊಡಗಿತು.

“ಎಷ್ಟು ಹೊತ್ತು ಆಂಟಿ?” ಎಂದೆ ಒಮ್ಮೆ.

“ಅವರದ್ದು ಇನ್ನೂ ಮುಗಿಲಿಲ್ಲ ಟ್ರೆವರ್. ಅರ್ಧದಲ್ಲಿ ನಿಲ್ಸುದಾ?”



ಅಷ್ಟರಲ್ಲಿ ಸಕಲೇಶಪುರದಲ್ಲೊಂದು ಕಾರ್ಯಕ್ರಮ ಸಿಕ್ಕಿತು. ಕೇಳಲು ಬಂದವರೆದುರು ಮೂಕರಾಗಿ ಕೂರಲಾದೀತೇ? ಹೊಂಗಡಹಳ್ಳದ ವಾಣಿಯನ್ನು ಪಿಟೀಲಿಗೆ ಕರೆತಂದು, ಆ ಸರದಿ ಇನ್ನು ಇವಳದು ಎಂದೆ. ಆಂಟಿ ಬಾಸ್ ತಬ್ಬಿ ನಿಂತು ಶ್ರುತಿ ಮಾಡತೊಡಗಿದರು.

ಆ ಭಾನುವಾರ ಸ್ಟೋರಿನಲ್ಲಿ ಅಭ್ಯಾಸಕ್ಕೆ ನಿಂತಾಗ ವಾಣಿ ಚೆನ್ನಾಗಿಯೇ ಶುರು ಮಾಡಿದಳು. ಸ್ವಲ್ಪ ಹೊತ್ತಿಗೆ ಕಮಾನು ಕೆಳಗಿಳಿಸಿದಳು.

“ನನ್ ಕೈಲಿ ಆಗಕಿಲ್ಲ ಕಣಣ್ಣ. ಇಲ್ಲಿ ಜಾಗ ಇಲ್ಲ. ಯಾರೋ ಆಗ್ಲೇ ನುಡಿಸ್ತಾ ಅವ್ರೆ.”

ಅವಳು ಹೊರಟೇಹೋದಳು. ಧರ್ಮನೂ ತಮಟೆ ಎತ್ತಿಕೊಂಡು ಹೊರಟ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ಅಂಕಲ್ ಸತ್ತಿದ್ದಾರೆ ಆಂಟಿ! ಬದುಕಿರೋರಿಗೆ ಜಾಗ ಬಿಡಿ,” ಎಂದು ಕೂಗಿ ನಾನೂ ಬಂದುಬಿಟ್ಟೆ. ಆಂಟಿ ಬಾಸ್ ನಿಲ್ಲಿಸಲಿಲ್ಲ.

ಕಾರ್ಯಕ್ರಮ ಕೈತಪ್ಪಿತು, ತಂಡವೂ ಹೋಯಿತು. ಆಂಟಿ ಮಾತ್ರ ಈಗಲೂ ಭಾನುವಾರ ಒಬ್ಬರೇ ಸ್ಟೋರಿಗೆ ಹೋಗುತ್ತಾರೆ. ಬಾಗಿಲಲ್ಲಿ ನಿಂತು ನೋಡಿ ಬಂದ ಧರ್ಮ ಹೇಳಿದ:

“ಮೊದ್ಲು ಅಂಕಲ್ದು. ಆಮೇಲೆ ವಾಣಿದು, ನಂದು, ನಿಂದು. ಒಬ್ಬೊಬ್ರ ಹೆಸ್ರು ಹೇಳಿ ಎಲ್ರ ಸರದೀನೂ ಖಾಲಿ ಬಿಡ್ತಾರೆ ಕಣೋ. ಅದನ್ನ ಕೇಳಿಸ್ಕೊಂಡು ಆಂಟಿ ನಗ್ತಾ ಅವ್ರೆ ಮಾರಾಯ.”

ನಂಬಲಿಲ್ಲ ನಾನು. ಆದರೆ ಭಾನುವಾರ ಮಧ್ಯಾಹ್ನ, ಆಂಟಿ ಸ್ಟೋರಿನಲ್ಲಿರುವ ಹೊತ್ತಿಗೇ, ಊಟಕ್ಕೆ ಕೂತಾಗ ನನ್ನ ಎಡಗೈ ಬೆರಳುಗಳು ಗಿಟಾರ್ ತಂತಿ ಒತ್ತುವಂತೆ ಮೇಜಿನ ಮೇಲೆ ತಾವಾಗಿ ಓಡತೊಡಗುತ್ತವೆ. ಹೆಂಡತಿ ರೀನಾ ಗಟ್ಟಿಯಾಗಿ ಹಿಡಿದುಕೊಂಡರೂ ನಿಲ್ಲುವುದಿಲ್ಲ. ನಾನು ಸತ್ತಿಲ್ಲ ಆಂಟಿ ಎಂದು ಹೋಗಿ ಹೇಳಬೇಕು. ಹೋದರೆ, ಬಾಗಿಲಲ್ಲೇ, ನಾನಿಲ್ಲದ ಒಳಗಿನಿಂದ ನನ್ನ ಗಿಟಾರ್ ಕೇಳಿಸಿಬಿಟ್ಟೀತೆಂದು ಹೆದರಿಕೆ.