ಶನಿವಾರದ ಡ್ರೆಸ್ಸಿಂಗ್

ಕುಂಬಳೆ ಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನಿಗೆ ಊರಿನ ಎಲ್ಲ ಮಕ್ಕಳ ಮಾರ್ಕು ಗೊತ್ತಿರುತ್ತದೆ. ನೋಡಬಾರದು ಎಂದು ಮುಖ ತಿರುಗಿಸಿದರೆ ಪ್ರತಿ ಸೊಟ್ಟ ಬರುತ್ತದೆ. ಹಾಗಾಗಿ ನೀಟ್ ಪರೀಕ್ಷೆಗೆ ಅರ್ಜಿ ಹಾಕುವ ಕಾಲ ಬಂತೆಂದರೆ, ಯಾರ ಮಗ, ಯಾರ ಮಗಳು ಡಾಕ್ಟರಾಗಲು ಹೊರಟಿದ್ದಾರೆ ಎಂಬುದು ಅವರ ಸೋದರಮಾವಂದಿರಿಗಿಂತ ಮೊದಲು ನನಗೆ ತಿಳಿಯುತ್ತದೆ. ಕಳೆದ ವರ್ಷ ಒಬ್ಬಳದ್ದು ಮಾತ್ರ ತಿಳಿಯಲಿಲ್ಲ. ಅವಳು ನನ್ನ ಮಗಳು.

ಬಂದವರೆಲ್ಲ ಬಿಳಿ ಹಿನ್ನೆಲೆಯ ಫೋಟೊ ತೆಗೆಸಿಕೊಂಡು, ಅರ್ಜಿಯ ಪ್ರಿಂಟ್ ಹಿಡಿದುಕೊಂಡು ಹೋಗುವಾಗ ತಪ್ಪದೆ ಕೇಳುತ್ತಿದ್ದರು, "ನಿಮ್ಮ ಮಗಳದ್ದು ಆಯ್ತಲ್ಲ?"

"ಆಗ್ತಾ ಉಂಟು" ಎನ್ನುತ್ತಿದ್ದೆ. ಏನೂ ಆಗುತ್ತಿರಲಿಲ್ಲ.

ನಾನು ಹುಟ್ಟಾ ಹೆದರುಪುಕ್ಕಲ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಮನೆಗೆ ಓಡಿದ್ದೂ ಉಂಟು. ಸಿಲಿಂಡರ್ ಖಾಲಿಯಾಗಿ ಹೆಂಡತಿ ಸೌದೆ ಒಲೆಯಲ್ಲಿ ಅಡುಗೆ ಮಾಡುತ್ತಿದ್ದಾಳೆ ಎಂಬುದು ಅಡುಗೆಮನೆಗೆ ತಲುಪಿದ ಮೇಲೆ ನೆನಪಾಯಿತು. ಅಂಥವನ ಮಗಳು ಏಳನೇ ಕ್ಲಾಸಿನಿಂದ ಡಾಕ್ಟರಾಗುತ್ತೇನೆ ಎನ್ನುತ್ತಿದ್ದವಳು, ಅರ್ಜಿಯ ಸುದ್ದಿಯನ್ನೇ ಎತ್ತದಿದ್ದರೆ ಹೇಗಾಗಬೇಡ?

ಪ್ಲಸ್ ಟೂ ಮುಗಿಸಿ ಮೊದಲ ಸಲ ಬರೆದಾಗ ಅವಳಿಗೆ ಸೀಟು ಸಿಗುವಷ್ಟು ಅಂಕ ಬಂದಿರಲಿಲ್ಲ. ಉಳಿದವರ ಹಾಗೆ ಕೋಚಿಂಗ್ ಹಾಸ್ಟೆಲಿನಲ್ಲಿ ಒಂದು ವರ್ಷ ಕೂತು ಓದಲಿ ಎಂದು ನಾನು. ಅವಳು ಒಪ್ಪಲಿಲ್ಲ. "ಒಂದೇ ಪುಸ್ತಕ ಪುನಃ ಪುನಃ ಓದಿದ್ರೆ ನಂಗೆ ಮರುಳು ಹಿಡಿತದೆ ಅಪ್ಪ" ಎಂದು ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಪ್ರಾಣಿಶಾಸ್ತ್ರಕ್ಕೆ ಸೇರಿದಳು. ಬೆಳಗ್ಗಿನ ರೈಲಿನಲ್ಲಿ ಹೋಗಿ ಬರುವುದು, ಸಂಜೆ ನೀಟ್‌ಗೆ ಓದುವುದು. ಎರಡನೆಯ ಸಲ ಬರೆಯುವುದು ನಿಶ್ಚಯವಾಗಿತ್ತು. ಎಲ್ಲ ಸರಿಯಾಗಿಯೇ ಇತ್ತು, ಲ್ಯಾಬಿನಲ್ಲಿ ರಕ್ತದ ಗುಂಪು ಪರೀಕ್ಷಿಸುವ ಪಾಠ ಬರುವವರೆಗೆ.

ಪಕ್ಕದವಳ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ತೆಗೆಯಬೇಕಿತ್ತಂತೆ. ಹನಿ ಬಂತು, ನನ್ನ ಮಗಳು ಕೆಳಗೆ ಬಿದ್ದಳು. ಎಚ್ಚರವಾದಾಗ ಇಡೀ ಕ್ಲಾಸು ಸುತ್ತ ನಿಂತಿತ್ತು. ಯಾರೋ "ಡಾಕ್ಟ್ರಿಗೇ ಡಾಕ್ಟ್ರನ್ನು ಕರೀರಿ ಮಾರಾಯ್ರೆ" ಎಂದರಂತೆ. ಇದನ್ನು ಅವಳು ಮನೆಯಲ್ಲಿ ನಗುತ್ತಲೇ ಹೇಳಿದಳು. ಆಮೇಲೆ ಓದುವ ಮೇಜಿನ ಮೇಲೆ ನೀಟ್ ಪುಸ್ತಕಗಳು ಇದ್ದಲ್ಲೇ ಇದ್ದವು. ಅವುಗಳ ಮೇಲೆ ಒಗೆದ ಬಟ್ಟೆ ಮಡಚಿಡಲು ಶುರುಮಾಡಿದಳು.

ಈ ಬಿದ್ದ ಸುದ್ದಿ ನಮ್ಮ ಕಂಪೌಂಡು ದಾಟಿ ಪಕ್ಕದ ಮನೆಗೆ ಹೋಯಿತು. ಅಲ್ಲಿ ಒಬ್ಬರು ಬ್ಯಾರಿ ಅಜ್ಜಿ. ನಾವೆಲ್ಲ ಉಮ್ಮ ಎಂದೇ ಕರೆಯುವುದು. ಮಗ ದುಬಾಯಿಯಲ್ಲಿ, ಸೊಸೆಗೆ ಕೈಕೂಸು. ಉಮ್ಮನಿಗೆ ಶುಗರ್. ಶಿರಿಯದ ತವರಿಗೆ ಹೋದಾಗ ಹೊಳೆಬದಿಯ ಮರುವಾಯಿ, ಅಂದರೆ ಕಪ್ಪೆಚಿಪ್ಪು, ತುಳಿದು ಅಂಗಾಲಿಗೆ ಗಾಯ ಮಾಡಿಕೊಂಡಿದ್ದರು. ಅದು ವಾಸಿಯಾಗದೆ, ಪ್ರತಿ ಶನಿವಾರ ಮಂಗಳೂರಿನ ಆಸ್ಪತ್ರೆಗೆ ಹೋಗಿ ಡ್ರೆಸ್ಸಿಂಗ್ ಮಾಡಿಸಬೇಕಿತ್ತು. ನಮ್ಮ ಕಡೆ ಮಂಗಳೂರಿನ ಆಸ್ಪತ್ರೆಗೆ ಯಾರೂ ಒಬ್ಬರೇ ಹೋಗುವುದಿಲ್ಲ. ಡಾಕ್ಟರ ಹತ್ತಿರ ಮಾತಾಡಲು ನೆರೆಕರೆಯ ಓದಿದ ಮಕ್ಕಳಲ್ಲಿ ಒಬ್ಬರನ್ನು ಕರೆದುಕೊಂಡು ಹೋಗುವುದು ರೂಢಿ. ಕರೆದರೆ ಇಲ್ಲ ಎನ್ನುವುದಿಲ್ಲ.

ಒಂದು ಶುಕ್ರವಾರ ಸಂಜೆ ಉಮ್ಮ ಕುಂಟುತ್ತ ನಮ್ಮ ಜಗಲಿಗೆ ಬಂದರು. ಮಗಳೇ ಎನ್ನಲು ಅವರದು ಮೋಳೇ, ಮಗನೇ ಎನ್ನಲು ಮೋನೇ.

"ಮೋಳೇ, ನಾಳೆ ನನ್ನೊಟ್ಟಿಗೆ ಬಾ."

"ಅವಳಿಗೆ ಆಗ್ಲಿಕ್ಕಿಲ್ಲ ಉಮ್ಮ" ಎಂದು ನಾನು ಮಧ್ಯೆ ಬಾಯಿ ಹಾಕಿದೆ. "ಓದ್ಲಿಕ್ಕೆ ಉಂಟು. ಮತ್ತೆ ಅವಳಿಗೆ ರಕ್ತ ಕಂಡ್ರೆ..."

"ಗೊತ್ತುಂಟು ಮೋನೇ. ಅದಕ್ಕೇ ಕರೆಯುವುದು." ಉಮ್ಮ ಬ್ಯಾಂಡೇಜ್ ಸುತ್ತಿದ ಕಾಲನ್ನು ಮುಂದೆ ಚಾಚಿದರು. "ಹೇಗೂ ವಾರಕ್ಕೊಮ್ಮೆ ಬಿಚ್ಚುತ್ತಾರೆ. ಸುಮ್ಮನೆ ದಂಡ ಆಗುವುದು ಯಾಕೆ? ಇವಳು ನೋಡಿ ಅಭ್ಯಾಸ ಮಾಡ್ಲಿ."

"ಬಿದ್ರೆ?"

"ಬಿದ್ರೆ ಅಲ್ಲಿ ಮಂಚ ಉಂಟಲ್ಲ. ನಿನ್ನ ಜೆರಾಕ್ಸ್ ಮಿಷನಿನ ಮೇಲೆ ಬಿದ್ರೆ ಎಂತ ಮಾಡ್ತಿ?"

ಮಗಳು ಹೋದಳು. ಮೊದಲ ವಾರ ಡ್ರೆಸ್ಸಿಂಗ್ ಕೋಣೆಯ ಹೊರಗೆ ಬೆಂಚಿನಲ್ಲೇ ಕೂತಳಂತೆ. ಆಮೇಲೊಂದು ಸಲ ಬಾಗಿಲಿನವರೆಗೆ ಹೋಗಿ, ಹತ್ತಿಗೆ ಹಾಕುವ ಔಷಧಿಯ ವಾಸನೆಗೇ ತಲೆ ತಿರುಗಿ, ವಾಪಸು ಬಂದು ಬೆಂಚಿನಲ್ಲಿ ಮಲಗಿದಳು. ಅವಳು ಇದನ್ನೆಲ್ಲ ಹೇಳುತ್ತಿರಲಿಲ್ಲ. ಭಾನುವಾರ ಬೆಳಗ್ಗೆ ಉಮ್ಮ ಕಂಪೌಂಡಿನ ಆಚೆಯಿಂದ ನನ್ನ ಹೆಂಡತಿಗೆ ಕೂಗಿ ವರದಿ ಒಪ್ಪಿಸುತ್ತಿದ್ದರು. "ನಿನ್ನೆ ಒಳಗೆ ಬಂದ್ಲು. ಗೋಡೆ ನೋಡ್ಕೊಂಡು ನಿಂತ್ಲು. ಗೋಡೆಗೆ ಎಂತ ಗಾಯ ಇಲ್ಲ ಅಂತ ಹೇಳಿದೆ."

ನನಗಂತೂ ಇದು ಯಾವುದೂ ಸರಿಕಾಣಲಿಲ್ಲ. ಅರ್ಜಿಯ ಕೊನೆಯ ದಿನ ಹತ್ತಿರ ಬರುತ್ತಿತ್ತು. ಅವಳು ಆಸೆ ಬಿಟ್ಟಿದ್ದಾಳೆ, ಹೇಳಲು ಹೆದರುತ್ತಿದ್ದಾಳೆ, ಈ ಶನಿವಾರದ ಸವಾರಿ ಅವಳನ್ನು ಇನ್ನಷ್ಟು ಕುಗ್ಗಿಸುತ್ತಿದೆ ಎಂದು ನನ್ನ ಲೆಕ್ಕಾಚಾರ. ಕೇಳಿದರೆ "ನೋಡುವ ಅಪ್ಪ" ಎನ್ನುತ್ತಿದ್ದಳು. ಒಂದು ದಿನ ಮಾತ್ರ ಸ್ವಲ್ಪ ಬಾಯಿ ಬಿಟ್ಟಳು. "ಅರ್ಜಿ ಹಾಕಿ, ಸೀಟು ಸಿಕ್ಕಿ, ಆಮೇಲೆ ಅಲ್ಲಿ ಹೋಗಿ ಬೀಳುವುದಾ? ಆ ಸೀಟು ಬೇರೆಯವರಿಗಾದರೂ ಸಿಗಲಿ."

ಹೆದರಿಕೆಯಾದಾಗ ನಾನು ಮಾಡುವುದನ್ನೇ ಮಾಡಿದೆ. ಅಂಗಡಿಗೆ ಬೀಗ ಹಾಕಿ, ಮುಂದಿನ ಶನಿವಾರ ಅವರೊಟ್ಟಿಗೆ ನಾನೂ ಬಸ್ಸು ಹತ್ತಿದೆ. ಅವಳು ಬಿದ್ದರೆ ಹಿಡಿಯಲು ಒಬ್ಬರು ಬೇಕಲ್ಲ.

ತಲಪಾಡಿ ದಾಟುವವರೆಗೂ ಉಮ್ಮ ನನ್ನನ್ನು ನೋಡಿ ನಗುತ್ತಿದ್ದರು. "ನೀನು ಯಾಕೆ ಬಂದದ್ದು?"

"ಸುಮ್ಮನೆ. ಮಂಗಳೂರಿನಿಂದ ಜೆರಾಕ್ಸ್ ಮಿಷನಿಗೆ ಟೋನರ್ ತರ್ಲಿಕ್ಕೆ ಉಂಟು."

ಡ್ರೆಸ್ಸಿಂಗ್ ಕೋಣೆಗೆ ನಾನೂ ಹೋದೆ. ಮಗಳ ಹಿಂದೆ, ಹಿಡಿಯಲು ಸುಲಭವಾಗುವ ಹಾಗೆ, ಕೈ ಸ್ವಲ್ಪ ಮುಂದೆ ಇಟ್ಟುಕೊಂಡು ನಿಂತೆ. ಸಿಸ್ಟರ್ ಉಮ್ಮನ ಕಾಲಿನ ಬ್ಯಾಂಡೇಜ್ ಬಿಚ್ಚಿದರು. ಒಳಗಿನ ಪದರ ಅಂಟಿಕೊಂಡಿತ್ತು, ನೀರು ಹಾಕಿ ಮೆಲ್ಲಗೆ ಎಳೆದರು. ಕೆಂಪಗೆ ಏನೋ ಕಂಡಿತು. ಅಷ್ಟು ನನಗೆ ನೆನಪುಂಟು.

ಕಣ್ಣು ಬಿಟ್ಟಾಗ ನಾನು ನೆಲದ ಮೇಲಿದ್ದೆ. ನನ್ನ ಎರಡೂ ಕಾಲುಗಳನ್ನು ಒಂದು ಸ್ಟೂಲಿನ ಮೇಲೆ ಎತ್ತಿ ಇಟ್ಟಿದ್ದರು. ಮಗಳು ಪಕ್ಕದಲ್ಲಿ ಕೂತು ಶರಟಿನ ಮೇಲಿನ ಗುಂಡಿ ಬಿಚ್ಚಿ, ಮಣಿಕಟ್ಟು ಹಿಡಿದಿದ್ದಳು. ಮೇಲೆ ಮಂಚದಿಂದ ಉಮ್ಮನ ಸ್ವರ: "ಟೋನರ್ ಮುಗಿಯಿತಾ ಮೋನೇ?"

"ಏಳ್ಬೇಡಿ ಅಪ್ಪ" ಎಂದಳು ಮಗಳು. "ಗೋಡೆ ಕಡೆ ನೋಡಿ. ಉಸಿರು ನಿಧಾನ." ಆಮೇಲೆ ಸಿಸ್ಟರ್ ಕಡೆ ತಿರುಗಿ, "ನೀವು ಮುಂದುವರಿಸಿ ಸಿಸ್ಟರ್, ಇವರಿಗೆ ಎಂತ ಆಗಲಿಲ್ಲ" ಎಂದು ಎದ್ದಳು.

ಅವಳು ಹೇಳಿದ ಹಾಗೆ ಗೋಡೆ ನೋಡಿದೆ. ಹಾಗಾಗಿ ಮುಂದಿನದನ್ನು ಕಿವಿಯಿಂದ ಮಾತ್ರ ತಿಳಿದೆ. ಗಾಯದ ಅಂಚು ಬೆಳ್ಳಗಾಗಿರುವುದು ಒಳ್ಳೆಯದಾ ಎಂದು ಮಗಳು ಕೇಳಿದಳು. ಒಳ್ಳೆಯದು, ಹೊಸ ಚರ್ಮ ಬರುತ್ತಿದೆ ಎಂದರು ಸಿಸ್ಟರ್. ಹಿಮ್ಮಡಿ ಸ್ವಲ್ಪ ಎತ್ತಿ ಹಿಡಿ ಎಂದರು. ಬಟ್ಟೆ ಸುತ್ತಿ ಮುಗಿಯುವವರೆಗೆ ಯಾರೂ ಬೀಳಲಿಲ್ಲ. ಬೀಳುವವನು ಆಗಲೇ ಬಿದ್ದಾಗಿತ್ತು.

ಕ್ಯಾಂಟೀನಿನಲ್ಲಿ ನನಗೆ ಸಕ್ಕರೆ ಜಾಸ್ತಿ ಹಾಕಿದ ಚಹಾ ಕುಡಿಸಿದರು.

"ನಿಂಗೆ ತಲೆ ತಿರುಗಲಿಲ್ವಾ?"

"ತಿರುಗ್ತದೆ ಅಪ್ಪ. ಈಗಲೂ ತಿರುಗ್ತದೆ. ನೀವು ಬಿದ್ದದ್ದರಿಂದ ಅದನ್ನು ನೋಡ್ಲಿಕ್ಕೆ ಪುರುಸೊತ್ತು ಇರಲಿಲ್ಲ."

ಉಮ್ಮ ಬನ್ನು ಮುರಿದು ಅವಳ ಕೈಗೆ ಕೊಟ್ಟರು. "ನಾಲ್ಕು ಸಲ ಹೆತ್ತವಳು ನಾನು. ರಕ್ತ ಕಂಡ್ರೆ ನಂಗೂ ಆಗುವುದಿಲ್ಲ ಮೋಳೇ. ಅದಕ್ಕೇ ನಾನು ಅಲ್ಲಿ ಕಣ್ಣು ಮುಚ್ಚಿ ಮಲಗುವುದು."

ಬಸ್ಸಿನಲ್ಲಿ ಮಗಳು ಕಿಟಕಿಯ ಪಕ್ಕ ಕೂತಳು. ಉಪ್ಪಳ ದಾಟಿದ ಮೇಲೆ ನನ್ನ ಕಡೆ ತಿರುಗಿ, "ಅಂಗಡಿಯ ಬೀಗದ ಕೀ ಉಂಟಲ್ಲ? ಫೋಟೊ ತೆಗೆಯುವ" ಎಂದಳು.

ಸಂಜೆ ಅಂಗಡಿಯ ಬಿಳಿ ಪರದೆಯ ಮುಂದೆ ಕೂತಳು. ಬಸ್ಸಿನ ಧೂಳು, ಕೆದರಿದ ತಲೆ. ನಾನು ನಾಲ್ಕೈದು ಸಲ ತೆಗೆದೆ. ಕಿವಿ ಕಾಣುವುದಿಲ್ಲ, ನೆರಳು ಬಿದ್ದಿದೆ, ಅರ್ಜಿ ತಿರಸ್ಕಾರವಾದರೆ ಏನು ಮಾಡುವುದು ಎಂದು ನನ್ನ ಎಂದಿನ ಪಾರಾಯಣ. ಅವಳು ಕ್ಯಾಮೆರಾ ಕಿತ್ತುಕೊಂಡು ನೋಡಿ, "ಇದೇ ಸಾಕು" ಎಂದಳು. ಅರ್ಜಿಯನ್ನು ತಾನೇ ತುಂಬಿದಳು. ಸೀಟು ಸಿಕ್ಕಿದರೆ ಹೋಗುವುದು, ಸಿಗದಿದ್ದರೆ ಪ್ರಾಣಿಶಾಸ್ತ್ರ ಮುಗಿಸಿ ಪುನಃ ನೋಡುವುದು ಎಂದು ನನಗೂ ತನಗೂ ಸೇರಿಸಿ ಹೇಳಿದಳು. ಪ್ರಿಂಟ್ ತೆಗೆಯುವಾಗ ಅವಳ ಕಡೆ ಮುಖ ತಿರುಗಿಸಿದೆ, ಕಾಗದ ಸ್ವಲ್ಪ ಸೊಟ್ಟ ಹೋಯಿತು. ಇನ್ನೊಂದು ತೆಗೆಯುತ್ತೇನೆ ಎಂದೆ. ಅವಳು ಅದನ್ನೇ ಮಡಚಿ ಚೀಲಕ್ಕೆ ಹಾಕಿಕೊಂಡು, ಮನೆಗೆ ಹೋಗಿ ಮೇಜಿನ ಪುಸ್ತಕಗಳ ಮೇಲಿನ ಬಟ್ಟೆಯನ್ನೆಲ್ಲ ತೆಗೆದು ಮಂಚದ ಮೇಲೆ ಹಾಕಿದಳು.