ದೇವರ ಮನೆಯ ಪಿಸ್ತೂಲು

ನನ್ನ ಮೈದುನನ ಬಲಗಾಲು ಕುಂಟು. ರಾಮನಾಥಪುರದಲ್ಲಿ ಯಾರನ್ನು ಕೇಳಿದರೂ ಹಂದಿ ಹೊಡೆದದ್ದು ಅನ್ನುತ್ತಾರೆ. ಹಂದಿ ಹೊಡೆದದ್ದು ನಿಜ. ಅದರಲ್ಲಿ ನನ್ನ ಕೈಯೂ ಇದೆ. ಬರೆದುಕೊಳ್ಳಬೇಕಾದವರು ಬರೆದುಕೊಳ್ಳಲಿಲ್ಲ, ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಅವನು ಹೊಗೆಸೊಪ್ಪಿನ ವ್ಯಾಪಾರ ಮಾಡುತ್ತಿದ್ದ. ಹರಾಜು ಮುಗಿಸಿ ಒಬ್ಬನೇ ಬರುವವನು, ಜೊತೆಗೊಂದು ಇರಲಿ ಎಂದು ಪಿಸ್ತೂಲಿಗೆ ಲೈಸೆನ್ಸ್ ಮಾಡಿಸಿದ. ಮಾಡಿಸಿದ್ದೇ ಬಂತು, ಒಂದು ದಿನವೂ ಜೊತೆಗೆ ಒಯ್ಯಲಿಲ್ಲ, ಹೊಡೆಯಲೂ ಇಲ್ಲ. ಮಕ್ಕಳ ಕೈಗೆ ಸಿಗಬಾರದೆಂದು ನಾನೇ ಅದನ್ನು ದೇವರ ಮನೆಯ ಗೂಡಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ವರ್ಷಕ್ಕೊಂದು ಸಲ ಆಯುಧಪೂಜೆಗೆ ಹೊರಗೆ ಬರುತ್ತಿತ್ತು. ಮಚ್ಚು, ಕುಡುಗೋಲು, ಅವನ ಬೈಕು, ನನ್ನ ಹೊಲಿಗೆ ಮಿಷನ್ನು, ಎಲ್ಲದರ ಜೊತೆ ಅದಕ್ಕೂ ಪೂಜೆ. ಮಾಡುವವಳು ನಾನು. ವಿಭೂತಿಯನ್ನು ನೀರಲ್ಲಿ ಕಲಸಿ ಮೂರು ಬೆರಳಲ್ಲಿ ಎಳೆಯುತ್ತಿದ್ದೆ. ಅದರ ಮೇಲೆ ಎಣ್ಣೆಯಲ್ಲಿ ಕಲಸಿದ ಕುಂಕುಮ. ಹಿಂದಿನ ವರ್ಷದ್ದನ್ನು ಒರೆಸುತ್ತಿರಲಿಲ್ಲ. ದೇವರದ್ದು, ಇರಲಿ ಎಂದು ಅದರ ಮೇಲೇ ಹಚ್ಚುತ್ತಿದ್ದೆ.

ಹೊಲಿಗೆ ಮಿಷನ್ನಿಗೆ ಮಾತ್ರ ಹಾಗೆ ಮಾಡುತ್ತಿರಲಿಲ್ಲ. ಚಕ್ರಕ್ಕೆ ಒಂದು ಬೊಟ್ಟು, ಅಷ್ಟೇ. ಸೂಜಿ ಓಡುವ ಕಡೆ ಕುಂಕುಮ ಬಿದ್ದರೆ ಹಿಡಿದುಕೊಳ್ಳುತ್ತದೆ, ಬಟ್ಟೆ ಕೊಟ್ಟವರು ಬೈಯುತ್ತಾರೆ. ನನ್ನ ಮಿಷನ್ನಿಗೆ ಆ ಬುದ್ಧಿ ಓಡಿತು. ಪಿಸ್ತೂಲಿಗೆ ಓಡಲಿಲ್ಲ.

ನಾವು ಮಾಂಸ ಮುಟ್ಟುವವರಲ್ಲ. ಕೊಂದ ಪಾಪ ತಿಂದು ಪರಿಹಾರ ಅನ್ನುತ್ತಾರೆ, ನಮಗೆ ಆ ದಾರಿಯೂ ಇಲ್ಲ. ಆದರೂ ಹಂದಿ ಬಿಡಬೇಕಲ್ಲ. ಹೊಗೆಸೊಪ್ಪನ್ನು ಅದು ತಿನ್ನುವುದಿಲ್ಲ. ನಾಲೆ ಪಕ್ಕದ ಹೊಲಕ್ಕೆ ನಾವು ಮುಸುಕಿನ ಜೋಳ ಹಾಕಿದ ವರ್ಷ ಬಂತು. ತಿಂದದ್ದಕ್ಕಿಂತ ಮುರಿದು ಕೆಡವಿದ್ದೇ ಹೆಚ್ಚು. ಪಕ್ಕದ ಹೊಲದ ಗೌಡನಿಗೆ ಬೆಳೆ ಕಾಯಲು ಕೋವಿ ಲೈಸೆನ್ಸ್ ಇತ್ತು. ಅವನು ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು, ಅರಕಲಗೂಡಿಗೆ ಓಡಾಡಿ, ಹಂದಿ ಹೊಡೆಯಲು ಕಾಗದ ತಂದ.

ಒಂದು ದಿನ ಬೆಳಕು ಹರಿದ ಮೇಲೆ ಹೊಡೆದ. ಗುಂಡು ಹಿಂದಿನ ತೊಡೆಗೆ ತಗುಲಿತು. ಹಂದಿ ಬೀಳಲಿಲ್ಲ, ನಾಲೆ ಏರಿಯ ಲಾಂಟಾನ ಪೊದೆಗೆ ನುಗ್ಗಿತು. ಊರಿನ ಹೆಂಗಸರು ಹುಲ್ಲಿಗೆ ಬರುವುದು ಅದೇ ಏರಿಗೆ. ಗಾಯವಾದ ಹಂದಿ ಅಲ್ಲಿ ಮಲಗಿದ್ದರೆ ಮೊದಲು ಬಂದವಳನ್ನು ಬಗೆಯುತ್ತದೆ. ಹಾಗೇ ಬಿಟ್ಟು ಬರುವಂತಿಲ್ಲ.

ಗೌಡ ನಮ್ಮ ಬಾಗಿಲಿಗೆ ಬಂದ.

"ಪೊದೆ ಒಳೀಕೆ ತೆವಳ್ಕಂಡು ಓಗ್ಬೇಕು ಕಣವ್ವ. ನನ್ ಕೋವಿ ಆಳುದ್ದ ಅದೆ, ಅಲ್ಲಿ ತಿರುಗಾಕಿಲ್ಲ. ನಿನ್ ಮೈದುನ ಗೇಣುದ್ದದ್ದು ಒಂದು ಮಡಗವ್ನಲ್ಲ, ಅದಿದ್ರೆ ಆಯ್ತದೆ."

"ಅದು ಹಂದಿ ಹೊಡಿಯಕ್ಕಲ್ಲ ಕಣಪ್ಪ" ಎಂದೆ.

"ಮತ್ಯಾತಕ್ಕೆ? ಮಂಗಳಾರತಿ ಎತ್ತಕ್ಕಾ?"

ಒಳಗಿದ್ದ ಮೈದುನನಿಗೆ ಆ ಮಾತು ತಾಗಿತು. ಬಂದು ಬೀಗದ ಕೈ ಕೇಳಿದ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನಿಗೆ ಐದು ವರ್ಷ. ಅತ್ತೆ ಸತ್ತ ಮೇಲೆ ಉಣ್ಣಿಸಿ ಬೆಳೆಸಿದವಳು ನಾನು. ಬೇಡ ಎಂದಿದ್ದರೆ ಕೇಳುತ್ತಿದ್ದ. ಹುಲ್ಲಿನ ಹೆಂಗಸರು ಬರುವ ಹೊತ್ತಾಗಿತ್ತು. ಬೇಡ ಅನ್ನಲಿಲ್ಲ, ಕೊಟ್ಟೆ.

ಅವನು ಪಿಸ್ತೂಲು ತೆಗೆದು ಹೆಗಲ ಟವಲ್ಲಿನಲ್ಲಿ ಉಜ್ಜಿದ. ಟವಲ್ಲು ಕೆಂಪಾಯಿತು.

"ಎಷ್ಟು ಬಳ್ದಿದೀಯ ಅತ್ಗೆ. ಗೌರಮ್ಮನ್ನ ಮಾಡ್ಬಿಟ್ಟಿದೀಯಲ್ಲ ಇದನ್ನ" ಎಂದು ನಕ್ಕ. ಗುಂಡು ತುಂಬಿ ಸೊಂಟಕ್ಕೆ ಸಿಗಿಸಿಕೊಂಡ.

"ಸೊಂಟದಾಗೆ ಬ್ಯಾಡ ಕಣಪ್ಪೋ" ಅಂದ ಗೌಡ. "ಅಂದಿ ಏಳಿ ಕೇಳಿ ಬರಾಕಿಲ್ಲ. ಕೈಯಾಗೆ ಇಡ್ಕೊ."

ಏರಿಗೆ ಬಂದ ಮೇಲೆ ಮೈದುನ ಒಂದು ಕೈಯಲ್ಲಿ ಪಿಸ್ತೂಲು ಹಿಡಿದು, ಇನ್ನೊಂದು ಕೈ ನೆಲಕ್ಕೂರಿ ಪೊದೆಯೊಳಗೆ ತೆವಳಿದ. ಗೌಡ ಕೋವಿಗೆ ಮತ್ತೆ ಮದ್ದು ತುಂಬಿಕೊಂಡು ಪೊದೆಯ ಆಚೆ ಬದಿಗೆ ನಿಂತ. ನಾನು ಏರಿಯ ಮೇಲೆ ನಿಂತು ಹುಲ್ಲಿನ ಹೆಂಗಸರನ್ನು ಹಿಂದಕ್ಕೆ ಕಳಿಸುತ್ತಿದ್ದೆ.

ಒಂದು ಗುಂಡಿನ ಸದ್ದಾಯಿತು. ಎರಡನೆಯದಕ್ಕೆ ಕಾದೆ. ಬರಲಿಲ್ಲ. ಪೊದೆಯೆಲ್ಲ ಅಲುಗಾಡಿತು. ಅವನು ಕೂಗಿದ. ಸತ್ತ ಅವ್ವನನ್ನಲ್ಲ, ದೇವರನ್ನಲ್ಲ, ಅತ್ಗೆ ಎಂದು ಕೂಗಿದ.

ಹಂದಿ ಆಚೆ ಬದಿಯಿಂದ ಹೊರಗೆ ಬಂತು. ಗೌಡನ ಗುಂಡಿಗೆ ನಾಲೆಯೊಳಕ್ಕೆ ಬಿತ್ತು. ನಾವಿಬ್ಬರೂ ಪೊದೆಗೆ ನುಗ್ಗಿ ಮೈದುನನನ್ನು ಎಳೆದು ತಂದೆವು. ಮಂಡಿಯಿಂದ ಮೇಲಕ್ಕೆ ತೊಡೆ ಸೀಳಿತ್ತು. ಆ ಕೆಂಪು ಟವಲ್ಲಿನಲ್ಲೇ ಬಿಗಿದು ಕಟ್ಟಿದೆ. ಪಿಸ್ತೂಲು ಇನ್ನೂ ಅವನ ಕೈಯಲ್ಲೇ ಇತ್ತು. ಮೇಲಿನ ಭಾಗ ಅರ್ಧ ಹಿಂದಕ್ಕೆ ಸರಿದು ಅಲ್ಲೇ ಕಚ್ಚಿಕೊಂಡು ನಿಂತಿತ್ತು. ಅದರ ಸಂದಿಯಲ್ಲಿ ಬಿಳಿ ಕಂಡಿತು. ಏನಾಗಿದೆ ಎಂದು ನನಗೆ ಆಗಲೇ ತಿಳಿಯಿತು. ಹೊಲಿಗೆ ಮಿಷನ್ನು ಇಟ್ಟುಕೊಂಡವಳಿಗೆ ತಿಳಿಯದೆ ಇರುತ್ತದೆಯೇ.

ಗೂಡ್ಸ್ ಆಟೋದಲ್ಲಿ ಅರಕಲಗೂಡು, ಅಲ್ಲಿಂದ ಆಂಬುಲೆನ್ಸಿನಲ್ಲಿ ಹಾಸನ. ಉಳಿಯುತ್ತಾನೋ ಇಲ್ಲವೋ ಎಂದು ಎರಡು ದಿನ ಯಾರೂ ಹೇಳಲಿಲ್ಲ. ಮೂರನೆಯ ದಿನ, ಜೀವಕ್ಕೆ ಭಯವಿಲ್ಲ, ನರ ಹೋಗಿದೆ, ಕಾಲು ಮೊದಲಿನಂತೆ ಆಗುವುದಿಲ್ಲ ಎಂದರು. ನಾನು ಅಳಲಿಲ್ಲ. ಅತ್ತರೆ ನರ ಕೂಡುತ್ತದೆಯೇ.

ಪೊಲೀಸಿನವನೊಬ್ಬ ಆಸ್ಪತ್ರೆಗೆ ಬಂದು ಹಾಸಿಗೆ ಪಕ್ಕ ಕೂತು ಹೇಳಿಕೆ ಬರೆದುಕೊಂಡ. ಪಿಸ್ತೂಲನ್ನು ಅವರು ಬಿಚ್ಚಿ ನೋಡಿದ್ದರು.

"ಒಳಗೆಲ್ಲ ಗಾರೆ ಕಟ್ಟಿದಂಗೆ ಕಟ್ಟೈತೆ. ಎರಡನೇ ಗುಂಡು ಮೇಲಕ್ಕೆ ಹತ್ತೇ ಇಲ್ಲ. ಏನ್ರೀ ಅದು?"

ಮೈದುನ ಕಣ್ಣು ಮುಚ್ಚಿಕೊಂಡೇ, "ಧೂಳು ಸಾ" ಎಂದ.

ಆಗ ಗೊತ್ತಾಯಿತು, ಅವನಿಗೂ ತಿಳಿದಿದೆ ಎಂದು. ತಿಳಿದೂ ನನ್ನ ಮೇಲೆ ಮಾತು ಬರದಂತೆ ಮುಚ್ಚುತ್ತಿದ್ದಾನೆ.

"ಧೂಳಲ್ಲ" ಎಂದೆ. "ವಿಭೂತಿ, ಕುಂಕುಮ. ವರ್ಷವರ್ಷ ನಾನೇ ಬಳಿದಿದ್ದು. ಬರ್ಕೊಳಪ್ಪ."

ಪೊಲೀಸಿನವನು ಪೆನ್ನು ಎತ್ತಿ ನನ್ನ ಮುಖ ನೋಡಿದ. "ಪೂಜೆ ಮಾಡಿದ್ದನ್ನ ಎಂಗಮ್ಮ ಬರ್ಕೊಳ್ಳಲಿ? ನಮ್ಮ ಜೀಪಿಗೂ ಮಾಡ್ತೀವಿ." ಧೂಳು ಎಂದೇ ಬರೆದುಕೊಂಡು ಎದ್ದುಹೋದ.

ಅವನು ಹೋದ ಮೇಲೆ ಮೈದುನ, "ಒರೆಸಿಡಬೇಕಾದೋನು ನಾನು ಕಣತ್ಗೆ" ಎಂದ. ಅವನು ಹೇಳಿದ್ದೂ ನಿಜವೇ. ಅದರಿಂದ ನನ್ನದು ಕಡಿಮೆಯಾಗುವುದಿಲ್ಲ.

ಬಹಳ ದಿನದ ಮೇಲೆ ಪಿಸ್ತೂಲು ಮನೆಗೆ ವಾಪಸು ಬಂತು. ಆ ವರ್ಷದ ಆಯುಧಪೂಜೆಗೆ ಅವನು ಕೋಲೂರಿಕೊಂಡು ಬಂದು ಅದನ್ನು ನನ್ನ ಮಿಷನ್ನಿನ ಪಕ್ಕ ಇಟ್ಟ.

"ಹಚ್ಚು ಅತ್ಗೆ. ಇನ್ನೇನು ಅದು ಹಂದಿ ಮುಖ ನೋಡಲ್ಲ."

"ಬಿಚ್ಚು ಅದನ್ನ" ಎಂದೆ.

ಗುಂಡಿಲ್ಲ ಎಂದು ನನಗೆ ತೋರಿಸಿ, ಪೇಪರ್ ಹಾಸಿ ಬಿಚ್ಚಿದ. ನಾನು ಮಿಷನ್ನಿನ ಎಣ್ಣೆ ಡಬ್ಬಿ ತಂದು, ಒಂದೊಂದು ತುಂಡನ್ನೂ ಹಳೆ ಬಟ್ಟೆಯಲ್ಲಿ ಒರೆಸಿ, ಒಂದೊಂದು ತೊಟ್ಟು ಬಿಟ್ಟು ಕೊಟ್ಟೆ. ಅವನು ಜೋಡಿಸಿ ಪೆಟ್ಟಿಗೆಯಲ್ಲಿಟ್ಟ. ಮುಚ್ಚಳ ಹಾಕಿದ ಮೇಲೆ, ಪೆಟ್ಟಿಗೆಗೆ ಒಂದು ಬೊಟ್ಟು ಕುಂಕುಮ ಇಟ್ಟೆ.