ಅಂಕಲ್ ವಾಲ್ಟ್ ಅಲ್ಲ, ಸುಗುಣಕ್ಕ

ಮೊದಲೇ ಹೇಳಿಬಿಡುತ್ತೇನೆ, ಅಂಕಲ್ ವಾಲ್ಟ್ ಎಂಬ ಮನುಷ್ಯ ಈ ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲ. ಬಿಳಿ ಗಡ್ಡ ಬಿಟ್ಟು, ಚೌಕಳಿ ಅಂಗಿ ತೊಟ್ಟು, ನೊರೆ ಉಕ್ಕುವ ಗ್ಲಾಸು ಹಿಡಿದು ನಗುತ್ತಿದ್ದ ಆ ಮುದುಕನನ್ನು ಸ್ಯಾನ್ ಹೋಸೆಯ ಒಬ್ಬ ಚಿತ್ರಕಾರ ಒಂದು ಮಧ್ಯಾಹ್ನದಲ್ಲಿ ಬರೆದುಕೊಟ್ಟಿದ್ದ. ಮನೆಯಲ್ಲೇ ಬೀರು ಮಾಡಲು ಹೊರಟ ಸಾವಿರಾರು ಅಮೆರಿಕನ್ನರು ಅವನನ್ನು ನಂಬಿದರು, ಅವನಿಗೆ ಕ್ರಿಸ್‌ಮಸ್ ಕಾರ್ಡು ಕಳಿಸಿದರು. ಅವನ ಹೆಸರಿನಲ್ಲಿ ಉತ್ತರ ಬರೆಯುತ್ತಿದ್ದವಳು ಯೂನಿಯನ್ ಸಿಟಿಯ ಸುಗುಣಾ ಜಯರಾಜ್. ಉಡುಪಿ ಕಡೆಯವಳು, ಜನ್ಮದಲ್ಲಿ ಒಂದು ಗುಟುಕು ಬೀರು ನುಂಗಿದವಳಲ್ಲ. ಆ ಉತ್ತರಗಳನ್ನು ವೆಬ್‌ಸೈಟಿಗೆ ಏರಿಸುತ್ತಿದ್ದವಳು ನಾನು, ಹುಬ್ಬಳ್ಳಿಯ ಭುವನೇಶ್ವರಿ. ಆದ್ದರಿಂದ ಏನು ನಡೆಯಿತೆಂದು ನನಗೆ ಗೊತ್ತು, ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ತೊಂಬತ್ತೊಂಬತ್ತನೇ ಇಸವಿಯ ಮಾತು. ಡಾಟ್ ಕಾಂ ಎಂದರೆ ಜನಕ್ಕೆ ಹುಚ್ಚು ಹಿಡಿದಿದ್ದ ಕಾಲ. ಮೌಂಟನ್ ವ್ಯೂನಲ್ಲಿದ್ದ ನಮ್ಮ ಕಂಪನಿ ಮನೆಯಲ್ಲಿ ಬೀರು ಮಾಡುವವರಿಗೆ ಡಬ್ಬ, ಕೊಳವೆ, ಮಾಲ್ಟು, ಯೀಸ್ಟು ಮಾರುತ್ತಿತ್ತು. ಮಾರುವುದೇನೋ ಸರಿ, ಕೊಂಡವರು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳುವವರು ಯಾರು? ಆಫೀಸಿನಲ್ಲಿ ಬೀರು ಕುಡಿಯುವವರು ಮೂವತ್ತು ಮಂದಿ ಇದ್ದರು, ಅದು ಹೇಗೆ ಆಗುತ್ತದೆಂದು ಬಲ್ಲವರು ಒಬ್ಬರೂ ಇರಲಿಲ್ಲ. ಆಗ ನಾನೇ ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯ ಸುಗುಣಕ್ಕನ ಹೆಸರು ಹೇಳಿದೆ.

ಸುಗುಣಕ್ಕ ಮದುವೆಗೆ ಮುಂಚೆ ಕರಾವಳಿಯ ಒಂದು ಬೀರು ಫ್ಯಾಕ್ಟರಿಯ ಪ್ರಯೋಗಾಲಯದಲ್ಲಿ ಆರು ವರ್ಷ ದುಡಿದವಳು. ಸೂಕ್ಷ್ಮದರ್ಶಕದಲ್ಲಿ ಯೀಸ್ಟಿನ ಕಣ ಎಣಿಸುವುದು, ಬೀರನ್ನು ಮೂಸಿ ನೋಡಿ ಇದು ಕೆಟ್ಟಿದೆ, ಇದು ಕೆಟ್ಟಿಲ್ಲ ಎಂದು ಹೇಳುವುದು ಅವಳ ಕೆಲಸ. ಅಷ್ಟು ಗಂಡಸರ ನಡುವೆ ಒಬ್ಬಳೇ ಹೆಂಗಸು, ಆದರೂ ಅವಳು ಬೇಡ ಎಂದ ಮಾಲು ಗೇಟು ದಾಟುತ್ತಿರಲಿಲ್ಲವಂತೆ. ಗಂಡ ಜಯರಾಜ್ ಇಂಜಿನಿಯರು. ಅವರ ಹಿಂದೆ ಇಲ್ಲಿಗೆ ಬಂದ ಮೇಲೆ ಎಂಟು ವರ್ಷ ಆ ವಿದ್ಯೆಯೆಲ್ಲ ಇಡ್ಲಿ ಹಿಟ್ಟಿಗೆ ಮಾತ್ರ ಉಪಯೋಗಕ್ಕೆ ಬಂತು.

ಕಂಪನಿಯಲ್ಲಿ ನಮ್ಮ ಮೇಲಿನವನು ಅರವಿಂದ, ಬೆಂಗಳೂರಿನವನು, ಮಾತಿನಲ್ಲಿ ಬಲು ಜಾಣ. ಸುಗುಣಕ್ಕನನ್ನು ಅರ್ಧ ಗಂಟೆ ಮಾತಾಡಿಸಿ ದಂಗಾಗಿ ಕೂತ. ಆಮೇಲೆ ಹೇಳಿದ, "ನಿಮ್ ನಾಲೆಡ್ಜು ಸೂಪರ್, ಸುಗುಣಾ ಅವರೇ. ಆದ್ರೆ ಬೀರಿನ ವಿಷ್ಯ ಸೀರೆ ಉಟ್ಟೋರು ಹೇಳಿದ್ರೆ ಯಾರ್ ನಂಬ್ತಾರೆ ಹೇಳಿ? ಕಸ್ಟಮರಿಗೆ ಒಂದು ಫೇಸ್ ಬೇಕು."

ಅವಳು ಅವತ್ತು ಜೀನ್ಸ್ ಹಾಕಿಕೊಂಡು ಬಂದಿದ್ದಳು! ನಮ್ಮವನೇ, ಮನೆಯಲ್ಲಿ ಅಮ್ಮನ ಕೈಯ ಸಾರು ಉಂಡು ಬೆಳೆದವನೇ, ಹೀಗಂದ.

ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಸುಗುಣಕ್ಕನೂ ಅವತ್ತು ಹೆಸರು ಬೇಡವೆಂದೇ ಅಂದಳು. "ನಂಗೂ ಅದೇ ಒಳ್ಳೇದು ಮಾರಾಯ್ರೆ. ಇವ್ರು ಕನ್ನಡಕೂಟದ ಕಮಿಟಿಯಲ್ಲಿ ಉಂಟು. ನಾಲ್ಕು ಜನ ಎಂತ ಹೇಳ್ತಾರೋ," ಎಂದಳು. ಜಯರಾಜ್ ಅವರು ಎಲ್ಲರಿಗೂ ಹೆಂಡತಿಗೆ ಫುಡ್ ಟೆಸ್ಟಿಂಗಿನ ಕೆಲಸ ಎಂದು ಹೇಳಿಕೊಂಡು ಓಡಾಡಿದರು. ಆ ನಾಲ್ಕು ಜನರನ್ನು ನಾನು ಬಲ್ಲೆ. ರಾಜ್ಯೋತ್ಸವದ ದಿನ ಒಳಗೆ ಹೆಂಗಸರು ಪೂರಿ ಕರಿಯುತ್ತಿದ್ದರೆ ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಡಿಕ್ಕಿ ತೆಗೆದು ಐಸ್ ಡಬ್ಬದಿಂದ ಬಾಟಲಿ ಎತ್ತುತ್ತಿದ್ದವರು. ಇವರಿಗೆ ಹೆದರಿ ಅವಳು ತನ್ನ ಹೆಸರು ಮುಚ್ಚಿಕೊಳ್ಳಬೇಕಾಯಿತು.

ಇನ್ನು ಪ್ರಶ್ನೆಗಳೋ, ಅಯ್ಯೋ ದೇವರೇ! ದಿನಾ ಅವೇ. ಮುಚ್ಚಳದ ನಳಿಕೆಯಲ್ಲಿ ಗುಳ್ಳೆ ಬರುತ್ತಿಲ್ಲ, ಯೀಸ್ಟು ಸತ್ತುಹೋಯಿತೇ? ಮನೆಯಲ್ಲಿ ಮಾಡಿದ್ದು ಕುಡಿದರೆ ಕಣ್ಣು ಹೋಗುತ್ತದೆಯೇ? ಬ್ರೆಡ್ಡಿಗೆ ಹಾಕುವ ಯೀಸ್ಟು ನಡೆಯುತ್ತದೆಯೇ? ಡಬ್ಬದ ಒಳಗೆ ಕಂದು ಗಸಿ ಅಂಟಿದೆ, ಚೆಲ್ಲಿಬಿಡಲೇ? ನಾನಾಗಿದ್ದರೆ ಮೂರನೇ ದಿನಕ್ಕೆ ಚೆಲ್ಲಿಕೋ ಹೋಗು ಎಂದು ಬರೆಯುತ್ತಿದ್ದೆ. ಸುಗುಣಕ್ಕ ಒಬ್ಬೊಬ್ಬರಿಗೂ ಅವರೊಬ್ಬರೇ ಕೇಳಿದರೇನೋ ಎಂಬ ಹಾಗೆ ಉತ್ತರಿಸುತ್ತಿದ್ದಳು. ಕಣ್ಣು ಹೋಗುವುದು ಕಳ್ಳಭಟ್ಟಿಯಿಂದ, ಬೀರಿನಿಂದಲ್ಲ, ಹೆದರಬೇಡಿ. ಗಸಿ ಯೀಸ್ಟಿನದೇ, ಅದರ ಪಾಡಿಗೆ ಇರಲಿ. ಬ್ರೆಡ್ಡಿನ ಯೀಸ್ಟು ಹಾಕಿದರೂ ಬೀರಾಗುತ್ತದೆ, ರುಚಿಗೆ ಮಾತ್ರ ನನ್ನನ್ನು ಬೈಯಬೇಡಿ. ಕುದಿಸಿ ಆರಿಸಿದ ಮೇಲೆ ಅದಕ್ಕೆ ತಾಗುವ ಪ್ರತಿಯೊಂದು ಸಾಮಾನನ್ನೂ ಸೋಂಕು ಹೋಗುವ ಹಾಗೆ ತೊಳೆಯಿರಿ, ಕೈಯನ್ನೂ. ಗುಳ್ಳೆ ಬರದಿದ್ದರೆ ಮೂರು ದಿನ ಸುಮ್ಮನಿರಿ, ಮುಚ್ಚಳ ತೆಗೆದು ತೆಗೆದು ನೋಡಬೇಡಿ, ನಿಮ್ಮ ಮುಖ ನೋಡಲು ಯೀಸ್ಟಿಗೆ ಯಾವ ಆಸೆಯೂ ಇಲ್ಲ. ಈ ಸಾಲನ್ನು ಜನ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿಕೊಂಡರಂತೆ.

ಒಂದು ಪತ್ರಿಕೆ ಅಂಕಲ್ ವಾಲ್ಟನಷ್ಟು ತಾಳ್ಮೆಯ ಗುರು ಇನ್ನೊಬ್ಬನಿಲ್ಲ ಎಂದು ಬರೆಯಿತು. ಅದನ್ನು ಓದಿದ ದಿನ ಸುಗುಣಕ್ಕ ನನ್ನ ಕಾರಿನಲ್ಲಿ ಮನೆಗೆ ಬರುವಾಗ ಸೇತುವೆ ದಾಟುವವರೆಗೂ ಆ ಪುಟವನ್ನೇ ತಿರುವಿ ತಿರುವಿ ನೋಡಿದಳು. ಆಮೇಲೆ ಹೇಳಿದಳು, "ಭುವನಾ, ನಂಗೆ ಈಗ ನನ್ನ ಹೆಸ್ರು ಬೇಕು. ಕೆಳಗೆ ಸಣ್ಣಕ್ಷರದಲ್ಲಿ ಆದ್ರೂ ಸಾಕು. ಯಾರಿಗೆ ಎಂತ ಹೇಳ್ಬೇಕೋ ನಾನೇ ಹೇಳ್ತೇನೆ." ಮರುದಿನವೇ ಹೋಗಿ ಅರವಿಂದನನ್ನು ಕೇಳಿದಳು. ನೆಕ್ಸ್ಟ್ ಕ್ವಾರ್ಟರ್ ನೋಡೋಣ ಎಂದ. ಮುಂದಿನ ತಿಂಗಳು ಮತ್ತೆ ಕೇಳಿದಳು. ಮತ್ತೆ ಅದೇ ಮಾತು. ಅವಳು ಬಿಡದೆ ನಾಲ್ಕು ಸಲ ಕೇಳಿದಳು.

ಎರಡು ಸಾವಿರನೇ ಇಸವಿಯ ಆಗಸ್ಟಿನಲ್ಲಿ ಕಂಪನಿ ಹೊಸಬರಿಗೆಂದು ಒಂದು ಪೆಟ್ಟಿಗೆ ತಂದಿತು, ಐದು ಗ್ಯಾಲನ್ ಬೀರಿಗೆ ಬೇಕಾದ ಸಾಮಾನೆಲ್ಲ ಅದರಲ್ಲೇ. ಬೀರನ್ನು ಬಾಟಲಿಗೆ ತುಂಬುವ ಮುಂಚೆ ಸ್ವಲ್ಪ ಸಕ್ಕರೆ ಬೆರೆಸಬೇಕು, ಯೀಸ್ಟು ಅದನ್ನು ತಿಂದೇ ಬೀರಿಗೆ ಗುಳ್ಳೆ ಬರುವುದು. ಐದು ಗ್ಯಾಲನ್ನಿಗೆ ಮುಕ್ಕಾಲು ಕಪ್ಪು ಸಕ್ಕರೆ ಎಂದು ಸುಗುಣಕ್ಕ ಬರೆದಿದ್ದಳು. ಹೈಡ್ರೋಮೀಟರೆಂಬ ಗಾಜಿನ ತೇಲುಗಡ್ಡಿ ಎರಡು ದಿನ ಒಂದೇ ಅಂಕೆ ತೋರಿಸುವ ತನಕ ಬಾಟಲಿಗೆ ಹಾಕಲೇಬೇಡಿ, ಹಾಕಿದರೆ ಬಾಟಲಿ ಸಿಡಿಯುತ್ತದೆ ಎಂದೂ ಬರೆದಿದ್ದಳು. ಪೆಟ್ಟಿಗೆಯೊಳಗಿನ ಸಕ್ಕರೆ ಪೊಟ್ಟಣ ನೋಡಿದರೆ ಒಂದೂವರೆ ಕಪ್ಪಿನದು. ಹತ್ತು ಗ್ಯಾಲನ್ನಿನ ಪೊಟ್ಟಣ ಯಾರೋ ತಪ್ಪಿ ತರಿಸಿದ್ದರು. ಅರ್ಧ ಹಾಕಿ ಎಂದರೆ ಗಿರಾಕಿ ಗೊಂದಲಕ್ಕೆ ಬೀಳುತ್ತಾನೆಂದು ಅರವಿಂದನ ವಾದ! ಸುಗುಣಕ್ಕ ಮಗಳು ಶ್ರೇಯಾಳ ಜ್ವರಕ್ಕೆ ರಜೆ ಹಾಕಿದ್ದ ದಿನ ಅರವಿಂದ ನನ್ನ ಮೇಜಿನ ಹತ್ತಿರ ಬಂದ. "ಭುವನಾ, ಮುಕ್ಕಾಲು ಕಪ್ಪು ತೆಗೆದು 'ಪೊಟ್ಟಣ ಪೂರ್ತಿ ಹಾಕಿ' ಅಂತ ಮಾಡ್ಬಿಡಿ. ಸಿಡಿಯುತ್ತೆ ಗಿಡಿಯುತ್ತೆ ಅನ್ನೋದೂ ಬೇಡ, ಬಿಗಿನರ್ಸ್ ಹೆದರ್ಕೋತಾರೆ."

ನಾನು ಬದಲಾಯಿಸಿದೆ. ಈ ನನ್ನ ಕೈಯಿಂದಲೇ. ಸುಗುಣಕ್ಕನಿಗೆ ಫೋನು ಮಾಡಿ ಕೇಳಬಹುದಿತ್ತು, ಕೇಳಲಿಲ್ಲ.

ಮೂರು ವಾರಕ್ಕೆ ಫ್ರೆಸ್ನೋದಿಂದ ಒಂದು ಇಮೇಲು ಬಂತು. ಬರೆದವನು ಅಂಚೆ ಹಂಚುವವನು. ಬಟ್ಟೆ ಕಪಾಟಿನಲ್ಲಿಟ್ಟಿದ್ದ ಬಾಟಲಿ ಅವನು ಬಾಗಿಲು ತೆಗೆದಾಗಲೇ ಒಡೆದು, ಅಂಗೈ ಸೀಳಿ, ಒಂಬತ್ತು ಹೊಲಿಗೆ ಬಿದ್ದಿದ್ದವು. ಬೈದಿರಲಿಲ್ಲ ಪಾಪ. ಪ್ರಿಯ ವಾಲ್ಟ್, ನಾನೆಲ್ಲಿ ತಪ್ಪು ಮಾಡಿದೆ ಎಂದು ಕೇಳಿದ್ದ. ಸುಗುಣಕ್ಕ ಅದನ್ನು ಓದಿ, ಸೈಟಿನ ಪುಟ ತೆರೆದು, ತನ್ನದೆಂದಿದ್ದ ಉತ್ತರ ಓದಿದಳು. ನನ್ನ ಕಡೆ ತಿರುಗಿ ನೋಡಿದಳು. ಎದ್ದು ಸೀದಾ ಅರವಿಂದನ ರೂಮಿಗೆ ನಡೆದಳು, ನಾನೂ ಹಿಂದೆಯೇ ಹೋದೆ.

"ಪೆಟ್ಟಿಗೆ ತಗೊಂಡ ಎಲ್ರಿಗೂ ಇವತ್ತೇ ಮೇಲ್ ಹೋಗ್ಬೇಕು," ಎಂದಳು. "ಇನ್ನೂರೈವತ್ತು ಮನೆ ಉಂಟು. ಒಂದೊಂದು ಮನೆಯಲ್ಲಿ ಐವತ್ತು ಬಾಟ್ಲಿ. ಮಕ್ಕಳಿರುವ ಮನೆ."

"ಆ ಫ್ರೆಸ್ನೋ ಮೇಲ್ ನಾನೂ ನೋಡ್ದೆ, ಲೀಗಲ್‌ನವರ ಹತ್ರ ಮಾತಾಡ್ದೆ. ಮೇಲ್ ಬೇಡ ಅಂದ್ರು. ಸೈಟಲ್ಲಿ ಸೈಲೆಂಟಾಗಿ ಫಿಕ್ಸ್ ಮಾಡೋಣ. ವಾಲ್ಟ್ ತಪ್ಪು ಹೇಳ್ದ ಅಂತ ಆದ್ರೆ ಬ್ರ್ಯಾಂಡೇ ಹೋಗುತ್ತೆ."

"ವಾಲ್ಟ್ ಎಲ್ಲಿದ್ದಾನೆ ಮಾರಾಯ್ರೆ ತಪ್ಪು ಹೇಳ್ಲಿಕ್ಕೆ?"

ಅರವಿಂದ ಪೆನ್ನು ತಿರುಗಿಸುತ್ತ ಕೂತ. ಕೊನೆಗೆ ಹೇಳಿದ, "ಒಂದು ದಾರಿ ಇದೆ. ಸ್ಟಾಫಲ್ಲಿ ಒಬ್ರು ಕೈತಪ್ಪಿ ಬರೆದ್ರು ಅಂತ, ಅವರ ಹೆಸ್ರಲ್ಲೇ ಸಾರಿ ಕೇಳಿ ಕಳಿಸಿದ್ರೆ ಕಂಪನಿಗೆ ಪ್ರಾಬ್ಲಮ್ ಇಲ್ಲ. ಹೆಂಗೂ ನಿಮ್ ಹೆಸ್ರು ಹಾಕಿ ಅಂತ ಕೇಳ್ತಾನೇ ಇದ್ರಲ್ಲ?"

ಎಷ್ಟು ಸಲೀಸಾಗಿ ಅಂದ! ಹೊಗಳಿಕೆ ಬಂದಾಗ ಬೇಡವಾಗಿದ್ದ ಹೆಸರು ಬೈಗುಳ ತಿನ್ನಲು ಬೇಕಾಯಿತು. ನನ್ನ ಮೈ ಉರಿದುಹೋಯಿತು. ತಪ್ಪು ನಿಮ್ಮದು, ಬದಲಾಯಿಸಲು ಹೇಳಿದವರು ನೀವು, ಮಾಡಿದವಳು ನಾನು ಎಂದು ಆಗಲೇ ಅಲ್ಲೇ ಹೇಳಬೇಕಿತ್ತು. ನನ್ನ ಗ್ರೀನ್ ಕಾರ್ಡಿನ ಅರ್ಜಿಗೆ ಆ ತಿಂಗಳು ಅವನ ಸಹಿ ಆಗಬೇಕಿತ್ತು. ನಾನು ಕಾರ್ಪೆಟ್ಟು ನೋಡುತ್ತ ನಿಂತೆ.

ಸುಗುಣಕ್ಕ ಒಂದು ನಿಮಿಷವೂ ಯೋಚಿಸಲಿಲ್ಲ. "ಹಾಕಿ. ಆದ್ರೆ ಈಗ್ಲೇ ಕಳಿಸ್ಬೇಕು, ಮತ್ತೆ ಕಾಗದ ನಾನೇ ಬರೀತೇನೆ."

ಕೂತು ಬರೆದಳು. ಕೈಗೆ ದಪ್ಪ ಗ್ಲವ್ಸು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಬಾಟಲಿಗಳ ಮೇಲೆ ದಪ್ಪ ಟವೆಲ್ಲು ಹೊದಿಸಿ, ಅಲ್ಲಾಡಿಸದೆ ಫ್ರಿಜ್ಜಿಗೆ ಸಾಗಿಸಿ. ಎರಡು ದಿನ ತಣ್ಣಗಾದ ಮೇಲೆ ಒಂದೊಂದೇ ಮುಚ್ಚಳ ನಿಧಾನ ಸಡಿಲಿಸಿ, ಮಕ್ಕಳನ್ನು ದೂರವಿಡಿ. ಅದರ ಮೇಲೆ ಅರವಿಂದ ತಾನೇ ಒಂದು ಸಾಲು ಸೇರಿಸಿದ: ಈ ತಪ್ಪು ನನ್ನದು, ಅಂಕಲ್ ವಾಲ್ಟ್ ಅವರದಲ್ಲ. ಕೆಳಗೆ ಸುಗುಣಾ ಜಯರಾಜ್ ಎಂದು ಪೂರ್ತಿ ಹೆಸರು. ಒಂದು ವರ್ಷ ಅಷ್ಟು ಬರೆದವಳ ಹೆಸರು ಆ ಕಂಪನಿಯಿಂದ ಹೊರಗೆ ಹೋದದ್ದು ಅದೇ ಮೊದಲು. ಅದನ್ನು ಕಳಿಸುವ ಬಟನ್ನು ಒತ್ತಿದವಳೂ ನಾನೇ.

ಆಮೇಲೆ ನಮ್ಮ ಜನ ಬಿಡುತ್ತಾರೆಯೇ! ಯಾರೋ ಆ ಇಮೇಲನ್ನು ಇನ್ಯಾರಿಗೋ ಕಳಿಸಿ, ಅದು ಕನ್ನಡಕೂಟದ ಎಲ್ಲರ ಕಂಪ್ಯೂಟರಿಗೂ ಬಂತು. ಪಾರ್ಕಿಂಗ್ ಲಾಟಿನ ಗಂಡಸರು ಅವಳಿಗೆ ಬಾಂಬ್ ಸುಗುಣಾ ಎಂದು ಹೆಸರಿಟ್ಟು ನಕ್ಕರು. ಜಯರಾಜ್ ಅವರು ವಾರಗಟ್ಟಲೆ ಹೆಂಡತಿಯೊಡನೆ ಮಾತು ಬಿಟ್ಟರು. ಅರವಿಂದನಿಗೆ ಪ್ರಮೋಷನ್ ಆಯಿತು. ನನ್ನ ಅರ್ಜಿಗೆ ಸಹಿಯೂ ಬಿತ್ತು. ಸುಗುಣಕ್ಕ ಕೆಲಸ ಬಿಟ್ಟಳು, ಎರಡು ಸಾವಿರದ ಒಂದರಲ್ಲಿ ಕಂಪನಿಯೇ ಮುಳುಗಿತು, ಅಂಕಲ್ ವಾಲ್ಟನೂ ಅದರ ಜೊತೆಗೆ ಹೋದ.

ಕಾಗದ ಮಾತ್ರ ಹೋಗಲಿಲ್ಲ. ಬೀರು ಮಾಡುವವರ ಇಂಟರ್ನೆಟ್ ಗುಂಪುಗಳಲ್ಲಿ ಜನ ಅದನ್ನು ನಕಲು ಮಾಡಿ ಹಾಕಿಕೊಂಡಿದ್ದರು. ಹೋದ ತಿಂಗಳು ಸುಮ್ಮನೆ ಅವಳ ಹೆಸರು ಹುಡುಕಿದೆ. ಸಿಕ್ಕಿದ್ದು ಅದೊಂದೇ: ಈ ತಪ್ಪು ನನ್ನದು. ನನಗೆ ತಡೆಯಲಾಗಲಿಲ್ಲ. ಈಗಲೂ ಅವಳಿರುವುದು ನಮ್ಮ ಕೆಳಮನೆಯಲ್ಲೇ, ಇಳಿದು ಅವಳ ಅಡುಗೆಮನೆಗೇ ಹೋದೆ.

"ಅಕ್ಕಾ, ನಿನಗ ತಲಿ ಕೆಟ್ಟಿತ್ತೇನ ಆವಾಗ?" ಎಂದು ಕೂಗಾಡಿದೆ. "ಮಾಡದ ತಪ್ಪ ಯಾಕ ಹೊತ್ಕೊಂಡಿ? ಎಲ್ಲಾ ಬರದು ಹಾಕ್ತೀನಿ ನೋಡ, ಅವನ ಬಣ್ಣಾ ಬಯಲ ಮಾಡ್ತೀನಿ!"

ಅವಳು ಒಲೆ ಸಣ್ಣ ಮಾಡಿದಳು. "ಆ ಕಾಗದ ಹೋದ ಮೇಲೆ ಯಾರ್ದಾದ್ರೂ ಕೈ ಕೊಯ್ತಾ, ಭುವನಾ?"

"ಇಲ್ಲ."

"ಮತ್ತೆಂತ?" ಎಂದಳು. ಸ್ವಲ್ಪ ಹೊತ್ತು ಸಾರು ತಿರುವಿದಳು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದಳು, "ಬರಿ, ನಾನು ಬೇಡ ಹೇಳುದಿಲ್ಲ. ಆದ್ರೆ ಬರೆಯುದಾದ್ರೆ ಆವತ್ತು ನೀನು ಬಾಯಿ ಮುಚ್ಚಿ ನಿಂತದ್ದನ್ನೂ ಬರೀಬೇಕು."

ಬರೆದಿದ್ದೇನೆ.